ವಲ್ಕನ್‌ನಲ್ಲಿ ಚಂದ್ರ ಇಲ್ಲ

"ಎಮೋಷನಲ್ ಆಗ್ಬೇಡ ಮಗಾ, ಪ್ರಾಕ್ಟಿಕಲ್ ಆಗಿ ಯೋಚ್ನೆ ಮಾಡು." ಈ ಕ್ಯಾಂಪಸ್ಸಿಗೆ ಬಂದ ಮೇಲೆ ನಾವು ಅತಿ ಹೆಚ್ಚು ಸಲ ಕೇಳಿರೋ ಮಾತು ಬಹುಶಃ ಇದೇ. ಬ್ರಾಂಚ್ ಬದಲಾಯಿಸ್ಬೇಕು ಅನಿಸ್ತಿದೆ ಅಂದ್ರೂ ಇದೇ ಉತ್ತರ, ಇಂಟರ್ನಲ್ಸ್ ಬಿಟ್ಟು ಅಕ್ಕನ ಸೀಮಂತಕ್ಕೆ ಊರಿಗೆ ಹೋಗ್ಬೇಕು ಅಂದ್ರೂ ಇದೇ ಉತ್ತರ. ಗಮನಿಸಿ ನೋಡಿ, ಅದರಲ್ಲಿ ತೂಕ ಇರೋ ಎರಡೂ ಪದ ಇಂಗ್ಲಿಷ್. ಅದನ್ನೇ ಪೂರ್ತಿ ಕನ್ನಡದಲ್ಲಿ "ಭಾವುಕನಾಗಬೇಡ, ವ್ಯಾವಹಾರಿಕವಾಗಿ ಯೋಚಿಸು" ಅಂದ್ರೆ ಯಾವುದೋ ಸೀರಿಯಲ್ಲಿನ ಮಾವ ಮಾತಾಡಿದ ಹಾಗೆ ಕೇಳುತ್ತೆ. ನಾವೆಲ್ಲ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಬುದ್ಧಿ ಹೇಳೋದು ಇಂಗ್ಲಿಷಲ್ಲಿ, ಬಯ್ಯೋದು ಕನ್ನಡದಲ್ಲಿ.

ಈ ಒಂದು ಮಾತನ್ನೇ ಸಂವಿಧಾನ ಮಾಡ್ಕೊಂಡಿರೋ ಗ್ರಹವೊಂದು ಟಿವಿಯಲ್ಲಿದೆ. ವಲ್ಕನ್. 'ಸ್ಟಾರ್ ಟ್ರೆಕ್' ಧಾರಾವಾಹಿಯ ಸ್ಪಾಕ್ ಹುಟ್ಟಿ ಬೆಳೆದ ಜಾಗ. ಧಾರಾವಾಹಿ ನೋಡದೇ ಇರೋರಿಗೂ ಆ ಮುಖ ಗೊತ್ತಿರುತ್ತೆ: ಚೂಪು ಕಿವಿ, ಮೇಲಕ್ಕೇರಿದ ಹುಬ್ಬು, ಬಟ್ಟಲು ಬೋರಲು ಹಾಕಿ ಕತ್ತರಿಸಿದಂಥ ಕೂದಲು. ವಾಟ್ಸಾಪ್‌ನಲ್ಲಿ ಬೆರಳುಗಳನ್ನ ಎರಡೆರಡಾಗಿ ಬಿಡಿಸಿದ ಕೈ ಇದೆಯಲ್ಲ, ಅದು ವಲ್ಕನ್ ಜನರ ನಮಸ್ಕಾರ. ಸ್ಪಾಕ್ ಪಾತ್ರ ಮಾಡಿದ ಲಿಯೊನಾರ್ಡ್ ನಿಮಾಯ್ ಚಿಕ್ಕವನಿದ್ದಾಗ ಬಾಸ್ಟನ್‌ನ ಸಿನಗಾಗ್‌ನಲ್ಲಿ ಯಹೂದಿ ಪುರೋಹಿತರು ಹಾಗೆ ಕೈ ಹಿಡಿದು ಆಶೀರ್ವಾದ ಮಾಡೋದನ್ನ ನೋಡಿದ್ದನಂತೆ. ಅದನ್ನೇ ಬೇರೆ ಗ್ರಹಕ್ಕೆ ಕೊಟ್ಟ.

ಇಲ್ಲಿ 'ನಾವು' ಅಂದ್ರೆ ಹಾಸ್ಟೆಲ್ಲಿನ ಒಂದೇ ರೂಮಿನ ನಾಲ್ವರು. ಮೂರನೇ ಸೆಮಿಸ್ಟರ್‌ನಿಂದ ನಮ್ಮದು ಒಂದು ಪದ್ಧತಿ. ಶನಿವಾರ ಮೆಸ್ಸಿನ ಊಟ ಮುಗಿದ ಮೇಲೆ ಎರಡು ಮಂಚ ಜೋಡಿಸಿ, ಒಂದು ಲ್ಯಾಪ್‌ಟಾಪ್ ಇಟ್ಟು ಒಂದು ಎಪಿಸೋಡ್. 1966ರಲ್ಲಿ ಶುರುವಾಗಿ 1969ರಲ್ಲಿ ನಿಂತ ಮೂಲ ಸರಣಿಯಲ್ಲಿ 79 ಎಪಿಸೋಡ್ ಇವೆ. ಎಲ್ಲ ಚೆನ್ನಾಗಿವೆ ಅಂತ ನಾವು ಸುಳ್ಳು ಹೇಳಲ್ಲ. ಕೆಲವು ಎಪಿಸೋಡಿಗೆ ನಾಲ್ವರಲ್ಲಿ ಇಬ್ಬರು ಗೊರಕೆ ಹೊಡೆದಿದ್ದೂ ಇದೆ. ಆದ್ರೆ ವಲ್ಕನ್ ವಿಷಯ ಬಂದ್ರೆ ಮಾತ್ರ ಎಲ್ಲರೂ ಎದ್ದು ಕೂರ್ತೀವಿ. ಕಾರಣ ಮುಂದೆ ಬರುತ್ತೆ.

ವಲ್ಕನ್ ಬಗ್ಗೆ ನಮಗೆ ಸಿಗೋ ಮೊದಲ ಭೌಗೋಳಿಕ ಮಾಹಿತಿ ಒಂದು ತಮಾಷೆಯಿಂದ ಬರುತ್ತೆ. 1966ರ ಸೆಪ್ಟೆಂಬರ್ 8ರಂದು ಪ್ರಸಾರವಾದ ಮೊಟ್ಟಮೊದಲ ಎಪಿಸೋಡ್ ಅದು. ಹಡಗಿನಲ್ಲಿ ಕೆಲಸ ಇಲ್ಲದ ಹೊತ್ತಲ್ಲಿ ಉಹುರಾ ಸ್ವಲ್ಪ ಕಾಲೆಳೆಯೋ ಥರ ಸ್ಪಾಕ್‌ನನ್ನ ಕೇಳ್ತಾಳೆ, ಹುಣ್ಣಿಮೆಯ ಸಂಜೆ ನಿಮ್ಮ ವಲ್ಕನ್ ಹೇಗೆ ಕಾಣುತ್ತೆ ಹೇಳಿ ಅಂತ. ವಲ್ಕನ್‌ಗೆ ಚಂದ್ರ ಇಲ್ಲ ಅಂತಾನೆ ಅವನು. ನಂಗೇನೂ ಆಶ್ಚರ್ಯ ಆಗ್ಲಿಲ್ಲ ಅಂತಾಳೆ ಅವಳು. ನಾವು ಬಿದ್ದು ಬಿದ್ದು ನಕ್ಕ ಜಾಗ ಅದು. ಆಮೇಲೆ ನಮ್ಮಲ್ಲೊಬ್ಬ ಕೇಳಿದ, ಹಾಗಾದ್ರೆ ಅಲ್ಲಿನ ಅಮ್ಮಂದಿರು ಮಕ್ಕಳಿಗೆ ಏನು ತೋರಿಸಿ ತುತ್ತು ತಿನ್ನಿಸ್ತಾರೆ? ಬಹುಶಃ ಊಟ ಮಾಡದಿದ್ರೆ ಆಗೋ ಪೋಷಕಾಂಶದ ಕೊರತೆ ಬಗ್ಗೆ ಒಂದು ಗ್ರಾಫ್ ತೋರಿಸ್ತಾರೆ. (1979ರ ಸಿನಿಮಾದಲ್ಲಿ ವಲ್ಕನ್ ಆಕಾಶದ ತುಂಬ ದೊಡ್ಡ ದೊಡ್ಡ ಗೋಳಗಳು ಕಾಣ್ತವೆ. ಅವು ಚಂದ್ರ ಅಲ್ಲ, ಪಕ್ಕದ ಗ್ರಹ ಅಂತ ವಾದ ಮಾಡೋ ಅಭಿಮಾನಿಗಳಿದ್ದಾರೆ. ನಾವು ಸ್ಪಾಕ್ ಮಾತಿಗೇ ನಿಂತಿದ್ದೀವಿ.)

ಉಳಿದ ವಿವರಗಳನ್ನ ಚೂರು ಚೂರೇ ಹೆಕ್ಕಬೇಕು. ಅಲ್ಲಿ ಗುರುತ್ವ ಭೂಮಿಗಿಂತ ಜಾಸ್ತಿ, ಗಾಳಿ ತೆಳು, ಬಿಸಿಲು ವಿಪರೀತ. ನೆಲದ ಬಹುಭಾಗ ಮರುಭೂಮಿ. ಆ ಬಿಸಿಲಿಗೇ ಅಲ್ಲಿನವರಿಗೆ ಕಣ್ಣೊಳಗೆ ಇನ್ನೊಂದು ರೆಪ್ಪೆ ಬೆಳೆದಿದೆ. ಒಂದು ಎಪಿಸೋಡಿನಲ್ಲಿ ಸ್ಪಾಕ್ ಕುರುಡಾದ ಅಂತ ಎಲ್ಲರೂ ದುಃಖ ಪಡುವಾಗ ಅದೇ ಅವನನ್ನ ಉಳಿಸುತ್ತೆ. ರಕ್ತದಲ್ಲಿ ಕಬ್ಬಿಣದ ಬದಲು ತಾಮ್ರ, ಅದಕ್ಕೆ ಹಸಿರು. ನಮ್ಮ ಭೂಮಿಯಲ್ಲಿ ಏಡಿ, ಆಕ್ಟೋಪಸ್‌ಗಳ ರಕ್ತದಲ್ಲೂ ತಾಮ್ರವೇ ಇರೋದು, ಆದ್ರೆ ಅದು ನೀಲಿ. ಬರೆದವರಿಗೆ ಹಸಿರು ಇಷ್ಟ ಆಯ್ತು ಅಂತ ಕಾಣುತ್ತೆ.

ಗ್ರಹದ ಮೇಲೆ ನಾವು ಕಾಲಿಡೋದು ಎರಡನೇ ಸೀಸನ್ನಿನ ಮೊದಲ ಎಪಿಸೋಡಿನಲ್ಲಿ, 1967ರ ಸೆಪ್ಟೆಂಬರ್ 15. ಹೆಸರು 'ಅಮಾಕ್ ಟೈಮ್', ಬರೆದಿದ್ದು ಸೈನ್ಸ್ ಫಿಕ್ಷನ್ ಲೇಖಕ ಥಿಯೊಡೋರ್ ಸ್ಟರ್ಜನ್. ಇಡೀ ಗ್ರಹ ಸ್ಟುಡಿಯೋ ಒಳಗೇ ಇದೆ. ಹಿಂದೆ ಕೆಂಪು ಬೆಳಕು ಬಿಟ್ಟ ಪರದೆ, ಮುಂದೆ ಥರ್ಮೋಕೋಲಿನದ್ದೋ ಏನೋ ಅನ್ನಿಸೋ ಬಂಡೆಗಳು. ನಮ್ಮ ಕಾಲೇಜ್ ಫೆಸ್ಟಿನ ಸ್ಟೇಜ್ ಕಮಿಟಿಗೆ ಎರಡು ದಿನ ಕೊಟ್ರೆ ಇದಕ್ಕಿಂತ ಚೆನ್ನಾಗಿ ಮಾಡ್ತಾರೆ ಅಂತ ಹೇಳಿ ನಗೋಕೆ ಶುರು ಮಾಡಿದವರು ಹತ್ತು ನಿಮಿಷದಲ್ಲಿ ಸುಮ್ಮನಾದ್ವಿ.

ಕಥೆ ಇಷ್ಟು. ಸ್ಪಾಕ್ ಇದ್ದಕ್ಕಿದ್ದಂತೆ ಸಿಡುಕ್ತಾನೆ, ಸೂಪಿನ ಬಟ್ಟಲನ್ನ ಗೋಡೆಗೆ ಎಸೀತಾನೆ, ಕೈ ನಡುಗುತ್ತೆ. ವಲ್ಕನ್ ಗಂಡಸರಿಗೆ ಏಳು ವರ್ಷಕ್ಕೊಮ್ಮೆ ಹೀಗಾಗುತ್ತೆ. ಅದುಮಿಟ್ಟ ಎಲ್ಲವೂ ಒಮ್ಮೆಲೇ ಹೊರಗೆ ಬರುತ್ತೆ, ಊರಿಗೆ ಹೋಗಿ ಮದುವೆ ಆಗದಿದ್ರೆ ಸತ್ತೇ ಹೋಗ್ತಾರೆ. ಆ ವಿಷಯ ಅವರು ಹೊರಗಿನವರ ಹತ್ತಿರ ಇರಲಿ, ತಮ್ಮ ತಮ್ಮಲ್ಲೂ ಮಾತಾಡಲ್ಲ. ಬ್ರಹ್ಮಾಂಡದಲ್ಲೇ ಬುದ್ಧಿವಂತರು ಅನ್ನಿಸಿಕೊಂಡ ಜನ ತಮ್ಮ ಮೈಯಲ್ಲಿ ಏನಾಗ್ತಿದೆ ಅಂತ ಹೇಳೋಕೆ ಬಾಯಿ ಬರದೆ ಒದ್ದಾಡ್ತಾರೆ. ಏಳು ವರ್ಷ ಚಾರ್ಜ್ ಆಗ್ತಾ ಹೋಗೋ ಕೆಪಾಸಿಟರ್ ಅಂದ್ಕೊಳ್ಳಿ. ಡಿಸ್ಚಾರ್ಜ್ ಆಗೋಕೆ ದಾರಿ ಒಂದೇ, ಆ ದಾರಿಯ ಹೆಸರು ಹೇಳೋಕೂ ನಾಚಿಕೆ.

ಅಲ್ಲಿ ಅವನಿಗೆ ಏಳನೇ ವಯಸ್ಸಿನಲ್ಲೇ ಗೊತ್ತು ಮಾಡಿದ್ದ ಹುಡುಗಿ ಟಿ'ಪ್ರಿಂಗ್ ಇದ್ದಾಳೆ. ಅವಳಿಗೆ ಇವನು ಬೇಡ, ಸ್ಟಾನ್ ಅನ್ನೋ ಇನ್ನೊಬ್ಬ ಬೇಕು. ಪದ್ಧತಿ ಪ್ರಕಾರ ತನ್ನ ಪರವಾಗಿ ಹೋರಾಡೋಕೆ ಯಾರನ್ನ ಬೇಕಾದ್ರೂ ಆರಿಸ್ಬಹುದು. ಅವಳು ಸ್ಟಾನ್‌ನನ್ನ ಬಿಟ್ಟು ಸ್ಪಾಕ್‌ನ ಕ್ಯಾಪ್ಟನ್ ಕರ್ಕ್‌ನನ್ನ ಆರಿಸ್ತಾಳೆ. ಲೆಕ್ಕ ಸರಳ. ಕರ್ಕ್ ಗೆದ್ರೆ ಅವನಿಗೆ ಇವಳು ಬೇಡ. ಸ್ಪಾಕ್ ಗೆದ್ರೆ ಇಷ್ಟೆಲ್ಲ ಮಾಡಿದವಳನ್ನ ಅವನೂ ಬಿಟ್ಟುಬಿಡ್ತಾನೆ. ಬಿಡದೇ ಇದ್ರೂ ಅವನು ಹಡಗು ಹತ್ತಿ ಹೋಗ್ತಾನೆ, ಸ್ಟಾನ್ ಇಲ್ಲೇ ಇರ್ತಾನೆ. ಎಲ್ಲಾ ಬ್ರಾಂಚಿನಲ್ಲೂ ಒಂದೇ ಔಟ್‌ಪುಟ್. ತರ್ಕದಲ್ಲಿ ಒಂದು ತಪ್ಪೂ ಇಲ್ಲ ಅಂತ ಸ್ಪಾಕ್ ಅವಳನ್ನ ಹೊಗಳ್ತಾನೆ! ನಮಗಂತೂ ಟಿ'ಪ್ರಿಂಗ್ ಮೇಲೆ ಸಿಟ್ಟು ಬರ್ಲಿಲ್ಲ. ಚಿಕ್ಕ ವಯಸ್ಸಲ್ಲಿ ತನ್ನನ್ನ ಕೇಳದೆ ಮಾಡಿದ್ದನ್ನ ಬಿಡಿಸ್ಕೊಳ್ಳೋಕೆ ಆ ಊರಿನಲ್ಲಿ ಅವಳಿಗೆ ಕೊಟ್ಟಿದ್ದ ಹತಾರ ತರ್ಕ ಒಂದೇ. ಆದ್ರೆ ಆ ತರ್ಕದ ಕೊನೆಯಲ್ಲಿ ಒಬ್ಬ ಮನುಷ್ಯ ಸಾಯ್ಬೇಕಿತ್ತು. ಸತ್ತ ಅಂದ್ಕೊಂಡಿದ್ದ ಕರ್ಕ್ ಬದುಕಿರೋದನ್ನ ಕಂಡಾಗ ಸ್ಪಾಕ್ ಒಂದು ಕ್ಷಣ ಅವನ ತೋಳು ಹಿಡಿದು ಬಾಯ್ತುಂಬ ನಗ್ತಾನೆ. ಮರುಕ್ಷಣ ಮುಖ ಮತ್ತೆ ಮೊದಲಿನ ಹಾಗೆ. ಆ ಒಂದು ಕ್ಷಣವನ್ನ ನಾವು ನಾಲ್ಕು ಸಲ ಹಿಂದೆ ತಿರುಗಿಸಿ ನೋಡಿದ್ದೀವಿ.

ಅಂದ್ರೆ ವಲ್ಕನ್ ಜನರಿಗೆ ಭಾವನೆ ಇಲ್ಲ ಅನ್ನೋದು ಪೋಸ್ಟರ್ ಮಾತ್ರ ನೋಡಿದವರ ಮಾತು. ಧಾರಾವಾಹಿ ಹೇಳೋ ಇತಿಹಾಸವೇ ಬೇರೆ. ಒಂದು ಕಾಲದಲ್ಲಿ ಅವರು ನಮಗಿಂತ ಉಗ್ರರಾಗಿದ್ರು. ಹೊಡೆದಾಡಿ ಹೊಡೆದಾಡಿ ಗ್ರಹವನ್ನೇ ಸುಟ್ಕೊಳ್ಳೋ ಹಂತಕ್ಕೆ ಬಂದಿದ್ರು. ಆಗ ಸುರಾಕ್ ಅನ್ನೋ ಒಬ್ಬ ತತ್ವಜ್ಞಾನಿ, ಭಾವನೆಯನ್ನ ಹಿಡಿತಕ್ಕೆ ತಗೊಳ್ಳಿ, ತರ್ಕದಿಂದ ಬದುಕಿ ಅಂದ. ಒಪ್ಪದೇ ಇದ್ದವರು ಗ್ರಹ ಬಿಟ್ಟು ಹೋಗಿ ರೋಮ್ಯುಲನ್ ಆದ್ರು, ಉಳಿದವರು ಈಗಿನ ವಲ್ಕನ್ನರಾದ್ರು. ಬೆಂಕಿ ಇಲ್ಲದ ಮನೆಗೆ ಯಾರೂ ಅಷ್ಟು ದಪ್ಪ ಗೋಡೆ ಕಟ್ಟಲ್ಲ. 'ವಲ್ಕನ್' ಅನ್ನೋ ಹೆಸರೂ ರೋಮನ್ನರ ಅಗ್ನಿದೇವತೆಯದ್ದೇ.

ಇಲ್ಲಿ ಸ್ವಲ್ಪ ದಾರಿ ತಪ್ಪಿ ನಿಜವಾದ ಆಕಾಶಕ್ಕೆ ಹೋಗ್ಬೇಕು, ಯಾಕಂದ್ರೆ ಇದು ಎಂಜಿನಿಯರಿಂಗ್ ಕಾಲೇಜು. ಈ ಹೆಸರಿನ ಗ್ರಹವನ್ನ ಜನ ನಿಜಕ್ಕೂ ಹುಡುಕಿದ್ದಾರೆ, ಅದೂ ಎರಡು ಸಲ. ಲೆಕ್ಕ ಹಾಕಿಯೇ ನೆಪ್ಚೂನ್ ಎಲ್ಲಿರ್ಬೇಕು ಅಂತ 1846ರಲ್ಲಿ ಹೇಳಿ ಗೆದ್ದಿದ್ದ ಫ್ರಾನ್ಸಿನ ಲ ವೆರಿಯೇ, 1859ರಲ್ಲಿ ಬುಧನ ಕಕ್ಷೆ ಯಾಕೆ ಲೆಕ್ಕಕ್ಕೆ ಸಿಗದ ಹಾಗೆ ಸರೀತಿದೆ ಅಂತ ನೋಡಿ, ಅದಕ್ಕೂ ಒಳಗೆ ಇನ್ನೇನೋ ಇರ್ಬೇಕು ಅಂದ. ಆ ಗ್ರಹಕ್ಕೆ ವಲ್ಕನ್ ಅಂತ ಹೆಸರೂ ಬಂತು, ನೋಡಿದ್ವಿ ಅಂತ ಹೇಳಿದವರೂ ಇದ್ರು. 1915ರಲ್ಲಿ ಐನ್‌ಸ್ಟೈನ್ ಬಂದು, ಶತಮಾನಕ್ಕೆ 43 ಆರ್ಕ್‌ಸೆಕೆಂಡಿನ ಆ ವ್ಯತ್ಯಾಸಕ್ಕೆ ಯಾವ ಗ್ರಹವೂ ಬೇಕಿಲ್ಲ, ಸೂರ್ಯನ ಹತ್ತಿರ ದೇಶಕಾಲವೇ ಬಾಗಿದೆ ಅಂತ ತೋರಿಸಿದ. ಮೊದಲ ವಲ್ಕನ್ ಅಲ್ಲಿಗೆ ಮುಗೀತು.

ಎರಡನೇದು ಸ್ಪಾಕ್‌ನದ್ದೇ. 1991ರಲ್ಲಿ ಸ್ಟಾರ್ ಟ್ರೆಕ್ ಸೃಷ್ಟಿಸಿದ ಜೀನ್ ರಾಡನ್‌ಬೆರಿ ಮೂವರು ಖಗೋಳ ವಿಜ್ಞಾನಿಗಳ ಜೊತೆ ಸೇರಿ 'ಸ್ಕೈ ಅಂಡ್ ಟೆಲಿಸ್ಕೋಪ್' ಪತ್ರಿಕೆಗೆ ಒಂದು ಕಾಗದ ಬರೆದ. ವಲ್ಕನ್ನಿನ ಸೂರ್ಯ 40 ಎರಿಡಾನಿ ಎ ಅನ್ನೋ ನಕ್ಷತ್ರ ಅಂತ. ಎಪ್ಸಿಲಾನ್ ಎರಿಡಾನಿ ಅನ್ನೋದೂ ರೇಸಿನಲ್ಲಿತ್ತು, ಆದ್ರೆ ಅದಕ್ಕೆ ಸುಮಾರು ನೂರು ಕೋಟಿ ವರ್ಷ ಮಾತ್ರ, ಬುದ್ಧಿ ಇರೋ ಜೀವ ಬೆಳೆಯೋಕೆ ಸಾಲದು. 40 ಎರಿಡಾನಿಗೆ ನಾನೂರು ಕೋಟಿ ವರ್ಷದ ವಯಸ್ಸು. ಕಾಲ್ಪನಿಕ ಗ್ರಹಕ್ಕೆ ಇಷ್ಟು ಶಿಸ್ತಾಗಿ ಸೈಟ್ ಹುಡುಕಿದ್ದು ನಮಗೆ ಬಹಳ ಖುಷಿ ಕೊಟ್ಟ ವಿಷಯ. ಆ ನಕ್ಷತ್ರ ನಮ್ಮಿಂದ ಸುಮಾರು 16 ಜ್ಯೋತಿರ್ವರ್ಷ ದೂರ. ಡಿಸೆಂಬರ್, ಜನವರಿ ರಾತ್ರಿಗಳಲ್ಲಿ ಮಹಾವ್ಯಾಧನ ಕಾಲಿನ ಪಕ್ಕದಲ್ಲಿ, ಊರ ದೀಪಗಳಿಲ್ಲದ ಕಡೆ ಬರಿಗಣ್ಣಿಗೇ ಮಿಣುಕಾಗಿ ಕಾಣುತ್ತೆ. ಈಗ ಕಾಣೋ ಬೆಳಕು ಅಲ್ಲಿಂದ ಹೊರಟಾಗ ನಮಗೆ ಮೂರು ವರ್ಷ, ಆಗಿನ್ನೂ ಚಂದಮಾಮನನ್ನ ತೋರಿಸಿ ಊಟ ಮಾಡಿಸ್ತಿದ್ರು.

2018ರಲ್ಲಿ ಸುದ್ದಿ ಬಂತು: ಆ ನಕ್ಷತ್ರದ ಸುತ್ತ ಗ್ರಹ ಸಿಕ್ಕಿದೆ! ಭೂಮಿಯ ಸುಮಾರು ಎಂಟು ಪಟ್ಟು ದ್ರವ್ಯರಾಶಿ, 42 ದಿನಕ್ಕೊಂದು ಸುತ್ತು. ಹುಡುಕಿದ ಸರ್ವೆಯ ಹೆಸರು 'ಧರ್ಮ', ನಿಜಕ್ಕೂ. ಗ್ರಹವನ್ನ ಯಾರೂ ಕಣ್ಣಿಂದ ನೋಡಿರ್ಲಿಲ್ಲ. ಗ್ರಹ ಸುತ್ತುವಾಗ ನಕ್ಷತ್ರವನ್ನ ಸ್ವಲ್ಪ ಆಕಡೆ ಈಕಡೆ ಎಳೆಯುತ್ತೆ, ಆಗ ನಕ್ಷತ್ರದ ಬೆಳಕಿನಲ್ಲಿ ಡಾಪ್ಲರ್ ವ್ಯತ್ಯಾಸ ಕಾಣುತ್ತೆ, ಅದನ್ನ ಅಳೆದಿದ್ರು. ಆದ್ರೆ 2024ರಲ್ಲಿ ಅರಿಜೋನಾದ ಕಿಟ್ ಪೀಕ್‌ನಲ್ಲಿರೋ ನೀಡ್ ಅನ್ನೋ ಹೆಚ್ಚು ಸೂಕ್ಷ್ಮವಾದ ಉಪಕರಣದಿಂದ ನೋಡಿದವರು ಅದು ಗ್ರಹ ಅಲ್ಲ ಅಂದ್ರು. ನಕ್ಷತ್ರ ತನ್ನ ಅಕ್ಷದ ಮೇಲೆ ತಿರುಗೋದಕ್ಕೂ ಹತ್ತಿರ ಹತ್ತಿರ ಅಷ್ಟೇ ದಿನ ಬೇಕು. ಅದರ ಮೈಮೇಲಿನ ಕುದಿತ, ಕಲೆಗಳು ತಿರುಗಿ ತಿರುಗಿ ಎದುರಿಗೆ ಬರೋದೇ ಗ್ರಹದ ಎಳೆತದ ಹಾಗೆ ಕಂಡಿತ್ತು. ಲ್ಯಾಬಿನಲ್ಲಿ ಪ್ರೋಬನ್ನ ಯಾವುದಕ್ಕೂ ಸೇರಿಸದೆ ಬಿಟ್ರೂ ಸ್ಕ್ರೀನ್ ಮೇಲೆ 50 ಹರ್ಟ್ಸ್ ಅಲೆ ಬರುತ್ತಲ್ಲ, ನಾವು ಮೊದಲ ದಿನ ಅದನ್ನೇ ಔಟ್‌ಪುಟ್ ಅಂತ ರೆಕಾರ್ಡ್ ಬುಕ್ಕಲ್ಲಿ ಬರೆಯೋಕೆ ಹೊರಡ್ತೀವಲ್ಲ, ಹಾಗೆ. ಹೊರಗಿನಿಂದ ಯಾರೋ ಎಳೀತಿದ್ದಾರೆ ಅಂತ ಕಂಡಿದ್ದು ಒಳಗಿನ ಕುದಿತ. ಸುರಾಕ್‌ನ ಊರಿಗೆ ಇದು ತಕ್ಕ ಸೂರ್ಯ ಅಂತ ನಮಗೆ ಅನ್ನಿಸ್ತು.

ಇನ್ನು ನಾವು ಎದ್ದು ಕೂತ ಕಾರಣ.

ನಮ್ಮ ನಾಲ್ವರಲ್ಲಿ ಒಬ್ಬ ಹಾವೇರಿ ಕಡೆಯವನು. ಇದನ್ನ ಬರೀಬಹುದಾ ಅಂತ ಅವನನ್ನೇ ಕೇಳಿದ್ವಿ. "ಹೆಸರು ಹಾಕಬ್ಯಾಡ್ರಿ, ಊರು ಹಾಕಬ್ಯಾಡ್ರಿ. ಜಿಲ್ಲಾ ಹಾಕ್ಕೊಳ್ರಿ ಬೇಕಾರ. ಹಾವೇರಿ ಜಿಲ್ಲಾದಾಗ ಗೋವಿನಜೋಳ ಬೆಳೆಯೋರು ನಮ್ಮಪ್ಪ ಒಬ್ಬನ ಏನು?" ಅಂದ. ಅವನಪ್ಪನಿಗೆ ಮಗ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಬಿಎಸ್ಸಿ ಅಗ್ರಿ ಓದ್ಬೇಕು ಅನ್ನೋದು ಬಹಳ ವರ್ಷದ ಆಸೆ. ಕೃಷಿಕರ ಕೋಟಾದ ಪ್ರಾಯೋಗಿಕ ಪರೀಕ್ಷೆಗೆ ಅಪ್ಪನೇ ಕೂತು ತಯಾರಿ ಮಾಡಿಸಿದ್ರು. ಅಂಗಳದಲ್ಲಿ ಬೀಜಗಳ ಸಣ್ಣ ಸಣ್ಣ ಗುಡ್ಡೆ ಹಾಕಿ, ಕಣ್ಣು ಮುಚ್ಚಿ ಮುಟ್ಟಿ ಹೇಳು ಅಂತ. ಒಳ್ಳೆ ಮಾರ್ಕ್ಸೂ ಬಂತು. ಆಮೇಲೆ ಆಪ್ಷನ್ ಎಂಟ್ರಿ ದಿನ ಅವನು ಸೈಬರ್ ಸೆಂಟರಿನಲ್ಲಿ ಕೂತು ಮೊದಲ ಆಪ್ಷನ್ ಎಲೆಕ್ಟ್ರಾನಿಕ್ಸ್ ಹಾಕಿದ. ಸೀಟ್ ಸಿಕ್ತು. ಅಪ್ಪ ಬಯ್ಲಿಲ್ಲ, ಕೂಗಾಡ್ಲಿಲ್ಲ. ಫೀಸ್ ಕಟ್ಟೋದನ್ನೂ ನಿಲ್ಲಿಸ್ಲಿಲ್ಲ. ಮಾತು ಮಾತ್ರ ನಿಲ್ಲಿಸಿದ್ರು. ಹಾಸ್ಟೆಲ್ಲಿಗೆ ಟ್ರಂಕ್ ತಂದು ಬಿಟ್ಟಿದ್ದು ಅವನ ಸೋದರಮಾವ.

'ಜರ್ನಿ ಟು ಬೇಬಲ್' 1967ರ ನವೆಂಬರ್‌ನ ಎಪಿಸೋಡ್, ಡಿ. ಸಿ. ಫಾಂಟಾನಾ ಬರೆದಿದ್ದು. ಹಡಗಿಗೆ ವಲ್ಕನ್ ರಾಯಭಾರಿ ಸಾರೆಕ್ ಮತ್ತು ಅವನ ಹೆಂಡತಿ, ಭೂಮಿಯವಳಾದ ಅಮಾಂಡಾ ಬರ್ತಾರೆ. ಅಪ್ಪ ಅಮ್ಮನನ್ನ ನೋಡ್ಕೊಂಡು ಬರೋಕೆ ರಜೆ ಬೇಕಾ ಅಂತ ಕರ್ಕ್ ಕೇಳಿದ್ರೆ, ಇವರೇ ನನ್ನ ತಂದೆ ತಾಯಿ ಅಂತಾನೆ ಸ್ಪಾಕ್, ಹವಾಮಾನ ವರದಿ ಓದೋ ದನಿಯಲ್ಲಿ. ಸಾರೆಕ್‌ಗೆ ಮಗ ವಲ್ಕನ್ ವಿಜ್ಞಾನ ಅಕಾಡೆಮಿಗೆ ಸೇರ್ಬೇಕು ಅಂತಿತ್ತು. ಸ್ಪಾಕ್ ಸ್ಟಾರ್‌ಫ್ಲೀಟ್ ಆರಿಸ್ಕೊಂಡ. ಅವತ್ತಿಂದ 18 ವರ್ಷ ಅವರು ಅಪ್ಪ ಮಗನ ಥರ ಮಾತಾಡಿಲ್ಲ.

ಇಲ್ಲಿಗೆ ಬಂದಾಗ ಯಾರೋ ಸ್ಪೇಸ್‌ಬಾರ್ ಒತ್ತಿ ನಿಲ್ಲಿಸಿದ್ರು. ರೂಮಲ್ಲಿ ಫ್ಯಾನ್ ಸದ್ದು ಬಿಟ್ರೆ ಏನಿಲ್ಲ. ಅವನೇ ಹೇಳಿದ: "ನಮ್ಮದು ಇನ್ನಾ ಹದಿನೆಂಟು ತಿಂಗಳು. ಹಚ್ಚ್ರಲೇ ಮುಂದ."

ಮುಂದೆ ಸಾರೆಕ್‌ಗೆ ಹೃದಯದ ತೊಂದರೆ. ಆಪರೇಷನ್‌ಗೆ ರಕ್ತ ಬೇಕು, ಕೊಡಬಲ್ಲವನು ಸ್ಪಾಕ್ ಒಬ್ಬನೇ. ಅಷ್ಟರಲ್ಲಿ ಕರ್ಕ್‌ಗೆ ಚೂರಿ ಇರಿತ ಆಗಿ, ಹಡಗಿನ ಜವಾಬ್ದಾರಿ ಬಿಟ್ಟು ಬರೋಕಾಗಲ್ಲ ಅಂತ ಸ್ಪಾಕ್ ಕೂತುಬಿಡ್ತಾನೆ. ಅಮ್ಮ ಬಂದು ಬೇಡ್ಕೊಳ್ತಾಳೆ, ಇವನು ನಿಯಮ ಹೇಳ್ತಾನೆ. ಅಮ್ಮ ಕೆನ್ನೆಗೆ ಒಂದು ಬಾರಿಸಿ ಹೋಗ್ತಾಳೆ. ಬಾಗಿಲು ಮುಚ್ಚಿದ ಮೇಲೆ ಅವನು ಆ ಬಾಗಿಲ ಮೇಲೆ ಅಂಗೈ ಇಟ್ಟು ನಿಲ್ಲೋದಿದೆ. ಅಷ್ಟೇ, ಒಂದು ಮಾತಿಲ್ಲ. ಕೊನೆಗೆ ರಕ್ತ ಕೊಡ್ತಾನೆ. ಅಪ್ಪ ಮಗ ಪಕ್ಕ ಪಕ್ಕದ ಮಂಚದಲ್ಲಿ ಮಲಗಿ, ಇಬ್ಬರೂ ಸೇರಿ ಅಮ್ಮನನ್ನೇ ರೇಗಿಸ್ತಾರೆ. ಇವರ ಜಗಳ ಬಿಡಿಸೋಕೆ ಹಗಲೂ ರಾತ್ರಿ ಓಡಾಡಿದ್ದು ಅವಳು, ಒಂದಾದ ಮೇಲೆ ತಮಾಷೆಗೆ ಸಿಗೋದೂ ಅವಳೇ. ಇದು ಯಾವ ಗ್ರಹದಲ್ಲಾದ್ರೂ ಹೀಗೇ ಅಂತ ಕಾಣುತ್ತೆ.

ಆ ಎಪಿಸೋಡಿನಲ್ಲಿ ಇನ್ನೊಂದು ಸಣ್ಣ ವಿಷಯ ಇದೆ. ಸಾರೆಕ್ ಮತ್ತು ಅಮಾಂಡಾ ಎಲ್ಲರ ಎದುರು ಕೈ ಹಿಡಿಯಲ್ಲ, ಎರಡು ಬೆರಳ ತುದಿಗೆ ಎರಡು ಬೆರಳ ತುದಿ ತಾಗಿಸಿ ನಡೀತಾರೆ. ಮೊದಲು ನೋಡಿದಾಗ ಶಾಸ್ತ್ರದ ಥರ ಕಾಣುತ್ತೆ. ಎರಡನೇ ಸಲ ನೋಡಿದ್ರೆ ಬೆರಳು ಸ್ವಲ್ಪ ಜಾಸ್ತಿ ಹೊತ್ತು ತಾಗಿರೋದು ಗೊತ್ತಾಗುತ್ತೆ. ವಲ್ಕನ್‌ನಲ್ಲಿ ಪ್ರೀತಿಯ ಪ್ರಮಾಣ ಕಡಿಮೆ ಅಲ್ಲ, ಸ್ಕೇಲ್ ಚಿಕ್ಕದು. ಅಳೆಯೋಕೆ ಒಳ್ಳೆ ಉಪಕರಣ ಬೇಕು.

ಈಗ ನಾವು ಅವನಿಗೆ ಆವರೆಗೂ ಹೇಳದೇ ಇದ್ದ ಒಂದು ವಿಷಯ. ಮೂರನೇ ಸೆಮಿಸ್ಟರ್‌ನಲ್ಲಿ, ಡಿಸೆಂಬರ್‌ನಲ್ಲಿ, ಅವನಿಗೆ ಐದು ದಿನ ಜ್ವರ ಬಂದಿತ್ತು. ಮೂರನೇ ದಿನ ನಮ್ಮಲ್ಲೊಬ್ಬನ ಫೋನಿಗೆ ಗೊತ್ತಿಲ್ಲದ ನಂಬರಿನಿಂದ ಕಾಲ್. "ತಮ್ಮಾ, ಊಟ ಆತೇನಪಾ? ಅವಂಗ ಜ್ವರ ಬಂದಿತ್ತಂತಲ್ಲ, ಈಗ ಹೆಂಗದಾನ? ಗುಳಿಗಿ ತಗೊಳ್ಳಾಕತ್ತಾನ?" ಯಾರು ಅಂತ ಕೇಳೋ ಮೊದಲೇ ದನಿ ಹೇಳ್ತು. ನಾವು "ಈಗ ಪರವಾಗಿಲ್ಲ ಅಂಕಲ್, ಪಕ್ಕದಲ್ಲೇ ಇದ್ದಾನೆ, ಕೊಡ್ಲಾ?" ಅಂದ್ರೆ ಆಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. "ಬ್ಯಾಡ. ಮಲಗಲಿ. ನಾ ಫೋನ್ ಮಾಡಿದ್ದೆ ಅಂತ ಹೇಳಬ್ಯಾಡಪಾ." ಆಮೇಲೆ ಹದಿನೈದು ದಿನಕ್ಕೋ ತಿಂಗಳಿಗೋ ಒಂದು ಕಾಲ್ ಬರೋದು ರೂಢಿಯಾಯ್ತು. ಒಂದೂವರೆ ನಿಮಿಷ, ಅಬ್ಬಬ್ಬಾ ಅಂದ್ರೆ ಎರಡು. ನಾವೂ ಮಾತು ಕೊಟ್ಟಿದ್ವಿ, ಹೇಳಿರ್ಲಿಲ್ಲ.

ಹೀಗಿರುವಾಗ ನಾವು ಮುಂದಿನ ಸರಣಿಗೆ ಬಂದ್ವಿ, 'ದಿ ನೆಕ್ಸ್ಟ್ ಜನರೇಷನ್'. ಅದರಲ್ಲಿ 1990ರ ಒಂದು ಎಪಿಸೋಡಿನ ಹೆಸರೇ 'ಸಾರೆಕ್'. ಈಗ ಅವನಿಗೆ ಇನ್ನೂರು ದಾಟಿದೆ. ವಯಸ್ಸಾದ ವಲ್ಕನ್ನರಿಗೆ ಬರೋ ಒಂದು ಕಾಯಿಲೆಯಿಂದ ಹಿಡಿತ ತಪ್ಪುತ್ತಿದೆ. ಹಡಗಿನಲ್ಲಿ ಸಂಗೀತ ಕಛೇರಿ ನಡೀತಿದೆ, ಈ ಮುದುಕನ ಕೆನ್ನೆ ಮೇಲೆ ಕಣ್ಣೀರು. ಸುತ್ತ ಇದ್ದವರು ನೋಡಬಾರದ್ದನ್ನ ನೋಡಿದ ಹಾಗೆ ಮುಖ ತಿರುಗಿಸ್ತಾರೆ. ಕೊನೆಯ ಒಂದು ಸಂಧಾನ ಮುಗಿಸೋಕೆ ಅವನಿಗೆ ಸ್ಥಿಮಿತ ಬೇಕು. ಅದಕ್ಕೆ ಕ್ಯಾಪ್ಟನ್ ಪಿಕಾರ್ಡ್ ತನ್ನ ಮನಸ್ಸನ್ನ ಅವನ ಮನಸ್ಸಿಗೆ ಜೋಡಿಸ್ಕೊಂಡು, ಕೆಲವು ಗಂಟೆ ಅವನ ಭಾವನೆಗಳನ್ನೆಲ್ಲ ತಾನು ಹೊರ್ತಾನೆ. ಸಾರೆಕ್ ಹೋಗಿ ಶಾಂತವಾಗಿ ಕೆಲಸ ಮುಗಿಸ್ತಾನೆ. ಇಲ್ಲಿ ಪಿಕಾರ್ಡ್ ರೂಮಿನಲ್ಲಿ ಒದ್ದಾಡಿ ಅಳ್ತಾನೆ, ಅಮಾಂಡಾಗೆ, ಸ್ಪಾಕ್‌ಗೆ ಸಾರೆಕ್ ಎಂದೂ ತೋರಿಸಲಾಗದ ಪ್ರೀತಿಯನ್ನೆಲ್ಲ ಹೇಳ್ಕೊಂಡು.

ಮುಂದಿನ ವರ್ಷ, 1991ರಲ್ಲಿ, 'ಯೂನಿಫಿಕೇಷನ್' ಅನ್ನೋ ಎರಡು ಭಾಗದ ಕಥೆ. ಸಾರೆಕ್ ಸಾಯ್ತಾನೆ. ಮಗ ಹತ್ತಿರ ಇಲ್ಲ, ಮತ್ತೆ ಜಗಳ ಆಗಿತ್ತು. ಸುದ್ದಿ ತಗೊಂಡು ಹೋಗೋದು ಪಿಕಾರ್ಡ್. ಕೊನೆಯಲ್ಲಿ ಸ್ಪಾಕ್ ಹೇಳ್ತಾನೆ, ಅಪ್ಪ ನಾನು ಒಮ್ಮೆಯೂ ಮನಸ್ಸು ಜೋಡಿಸ್ಕೊಳ್ಳಲೇ ಇಲ್ಲ ಅಂತ. ಆಗ ಪಿಕಾರ್ಡ್, ಸಾರೆಕ್ ನನ್ನಲ್ಲಿ ಬಿಟ್ಟುಹೋಗಿದ್ದು ಇದೆ, ಬೇಕಿದ್ರೆ ನೋಡು ಅಂತಾನೆ. ಸ್ಪಾಕ್ ನಿಧಾನಕ್ಕೆ ಅವನ ಮುಖದ ಮೇಲೆ ಬೆರಳು ಇಡ್ತಾನೆ. ಅಪ್ಪನಿಗೆ ತನ್ನ ಮೇಲೆ ಏನಿತ್ತು ಅನ್ನೋದು ಅವನಿಗೆ ಸಿಗೋದು ಮೂರನೆಯವನ ಮುಖದಲ್ಲಿ, ಅಪ್ಪ ಹೋದ ಮೇಲೆ.

ಅವತ್ತು ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡ್ಕೊಂಡ್ವಿ. ಅಂಕಲ್‌ಗೆ ಕೊಟ್ಟ ಮಾತಿತ್ತು ನಿಜ. ಆದ್ರೆ ಪಿಕಾರ್ಡ್ ಥರ ಅಷ್ಟು ವರ್ಷ ಅದನ್ನ ಹೊತ್ಕೊಂಡು ತಿರುಗೋಕೆ ನಮ್ಮ ಕೈಲಿ ಆಗಲ್ಲ. ಲೈಟ್ ಹಾಕಿ, ಹೇಳಿಬಿಟ್ವಿ. ಡಿಸೆಂಬರ್‌ನಿಂದ ಬಂದ ಎಲ್ಲಾ ಕಾಲ್‌ಗಳು, ಯಾವಾಗ ಏನು ಕೇಳಿದ್ರು ಅಂತ.

"ಗೊತ್ತೈತಿ ಬಿಡ್ರಲೇ," ಅಂದ.

ಹೇಗೆ ಗೊತ್ತು ಅಂತ ಕೇಳಿದ್ದಕ್ಕೆ ಮಂಚದ ಕೆಳಗಿಂದ ಒಂದು ಬಟ್ಟೆ ಚೀಲ ಎಳೆದ. ತಿಂಗಳಿಗೊಮ್ಮೆ ರಾತ್ರಿ ಬಸ್ಸಿನಲ್ಲಿ ಡ್ರೈವರ್ ಕೈಯಲ್ಲಿ ಬರೋ ಚೀಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಅಮ್ಮ ಕಳಿಸ್ತಾಳೆ ಅಂತ ನಾವು ನಾಲ್ವರೂ ತಿಂದು ಖಾಲಿ ಮಾಡ್ತಿದ್ದಿದ್ದು. ಅದರ ಮೇಲೆ ಹೊಲಿದ ಚೀಟಿಯಲ್ಲಿ ಹೆಸರು, ರೂಮ್ ನಂಬರ್, ಫೋನ್ ನಂಬರ್ ಇತ್ತು. "ಇದು ನಮ್ಮವ್ವನ ಅಕ್ಷರ ಅಲ್ಲ. ಜ್ವರ ಬಂದಾಗ ಬಂದ ಚೀಲದಾಗ ಒಂದು ಹಾಳಿ ಗುಳಿಗಿ ಇದ್ವು. ನಮ್ಮವ್ವ ಎಂದೂ ಗುಳಿಗಿ ಕಳಸಾಕಿ ಅಲ್ಲ, ಕಷಾಯ ಕುಡಿ ಅನ್ನಾಕಿ."

ಗೊತ್ತಿದ್ರೆ ನೀನೇ ಒಂದು ಫೋನ್ ಮಾಡ್ಬಹುದಲ್ಲ ಅಂದ್ವಿ. ಅವನು ಲ್ಯಾಪ್‌ಟಾಪ್ ಮುಚ್ಚಿ, "ಏನಂತ ಮಾತಾಡ್ಲಿ?" ಅಂದ. ನಮ್ಮಲ್ಲಿ ಯಾರ ಹತ್ರಾನೂ ಉತ್ತರ ಇರ್ಲಿಲ್ಲ. ಇಂಗ್ಲಿಷಲ್ಲಿ ಕ್ಷಮೆ ಕೇಳೋದು ಸುಲಭ, ಸಾರಿ ಅಂದ್ರೆ ಮುಗೀತು. ಅಪ್ಪನಿಗೆ ಕನ್ನಡದಲ್ಲಿ, ಅದೂ ಅವನ ಕನ್ನಡದಲ್ಲಿ, ಅದನ್ನ ಹೇಗೆ ಹೇಳೋದು? ಅದೂ ತಪ್ಪೇ ಮಾಡಿಲ್ಲ ಅಂತ ಇವನಿಗೂ ಅನ್ನಿಸ್ತಿರುವಾಗ, ಅವರಿಗೂ ಅನ್ನಿಸ್ತಿರುವಾಗ? 1979ರ ಸ್ಟಾರ್ ಟ್ರೆಕ್ ಸಿನಿಮಾದಲ್ಲಿ ಮೊದಲ ಸಲ ವಲ್ಕನ್ ಭಾಷೆ ಕೇಳಿಸುತ್ತೆ. ಅದರ ಕಥೆ ಏನಂದ್ರೆ, ನಟರು ಶೂಟಿಂಗ್‌ನಲ್ಲಿ ಇಂಗ್ಲಿಷಲ್ಲೇ ಮಾತಾಡಿದ್ರು. ಆಮೇಲೆ ಅವರ ತುಟಿಗೆ ಹೊಂದೋ ಹಾಗೆ ವಲ್ಕನ್ ಪದಗಳನ್ನ ಹುಟ್ಟಿಸಿ ಡಬ್ ಮಾಡಿದ್ರು. ನಮ್ಮ ಕ್ಲಬ್ಬಿಗೆ ಕನ್ನಡ ಬರೆಯುವಾಗ ನಾವು ಮಾಡೋದೂ ಸುಮಾರಾಗಿ ಅದೇ. ಆದ್ರೆ ಇಂಥ ಮಾತನ್ನ ಡಬ್ ಮಾಡೋಕಾಗಲ್ಲ.

ಕಳೆದ ತಿಂಗಳು, ಜೂನ್ ಎರಡನೇ ವಾರ, ಮತ್ತೆ ಕಾಲ್ ಬಂತು. ಅವನು ಎದುರಿನ ಮಂಚದಲ್ಲೇ ಇದ್ದ. ಸ್ಪೀಕರ್ ಹಾಕ್ಲಾ ಅಂತ ಸನ್ನೆ ಮಾಡಿದ್ವಿ. ಬೇಡ ಅಂತ ತಲೆ ಅಲ್ಲಾಡಿಸಿದ, ಆದ್ರೆ ಎದ್ದು ಹೊರಗೆ ಹೋಗ್ಲಿಲ್ಲ. ಆಕಡೆಯಿಂದ ಎಂದಿನ ಪ್ರಶ್ನೆಗಳು: ಊಟ ಆತಾ, ಪರೀಕ್ಷಾ ಯಾವಾಗ, ಆರಾಮ ಅದಾನಾ. ಇನ್ನೇನು ಇಡಬೇಕು ಅನ್ನುವಾಗ ಅವನು ರಫ್ ಬುಕ್ಕಿನ ಹಾಳೆ ಹರಿದು ಪೆನ್ನಲ್ಲಿ ಏನೋ ಗೀಚಿ ಮುಖದ ಮುಂದೆ ಹಿಡಿದ. "ಮಳಿ ಆತೇನು, ಗೋವಿನಜೋಳ ಬಿತ್ತಿದ್ರೇನು, ಕೇಳು."

ಕೇಳಿದ್ವಿ, ಅವನು ಬರೆದ ಹಾಗೇ, ಅದೇ ಪದಗಳಲ್ಲಿ. ಮೈಸೂರು ಕಡೆಯವರ ಬಾಯಲ್ಲಿ ಅದು ಹೇಗೆ ಕೇಳಿಸ್ತೋ ಏನೋ. ಆಕಡೆ ಒಂದು ಗಳಿಗೆ ಮೌನ. ಆಮೇಲೆ ಅಂಕಲ್ ಹೇಳೋಕೆ ಶುರು ಮಾಡಿದ್ರು. ಮಳೆ ಎರಡು ಸಲ ಆಯ್ತು, ಕೆಳಗಿನ ಹೊಲ ಬಿತ್ತಿ ಮುಗೀತು, ಮೇಲಿನ ಹೊಲಕ್ಕೆ ಇನ್ನೊಂದು ಹದ ಮಳೆ ಬೇಕು, ಈ ಸಲ ಬೀಜ ಬೇರೆ ತಂದಿದ್ದಾರೆ, ಬದುವಿನ ಮೇಲೆ ಎರಡು ಸಾಲು ತೊಗರಿ ಹಾಕಿದ್ದಾರೆ, ಹಂದಿ ಕಾಟಕ್ಕೆ ಏನು ಮಾಡೋದು ಗೊತ್ತಾಗ್ತಿಲ್ಲ. ಏಳು ನಿಮಿಷ. ಗೋವಿನಜೋಳಕ್ಕೂ ಬಿಳಿಜೋಳಕ್ಕೂ ವ್ಯತ್ಯಾಸ ಗೊತ್ತಿಲ್ಲದ ನಾವು ಹೂಂ ಹೂಂ ಅನ್ನುತ್ತಾ, ಹೇಳಿದ್ದನ್ನೆಲ್ಲ ಅದೇ ಹಾಳೆಯ ಹಿಂದೆ ಬರೆದು ಬರೆದು ಅವನಿಗೆ ತೋರಿಸ್ತಾ ಇದ್ವಿ.